ನೋಡದೆಯೂ ಕೇಳುತ್ತೇವೆ

ಮಗುವಿಗೆ ಆಟಿಸಂ ಇದೆಯೇ, ಇದ್ದರೆ ಎಷ್ಟರಮಟ್ಟಿಗೆ ಎಂದು ಗೊತ್ತುಮಾಡಿಕೊಳ್ಳಲು ನಮ್ಮ ದೇಶದಲ್ಲಿ ಒಂದು ಅಳತೆಪಟ್ಟಿ ಬಳಕೆಯಲ್ಲಿದೆ. ಐ.ಎಸ್.ಎ.ಎ. ಎಂದು ಅದರ ಹೆಸರು. ಸಿಕಂದರಾಬಾದಿನ ಒಂದು ರಾಷ್ಟ್ರೀಯ ಸಂಸ್ಥೆಯಲ್ಲಿ ತಯಾರಾದದ್ದು. ಆರು ಭಾಗ, 40 ಅಂಶ. ಒಂದೊಂದು ಅಂಶಕ್ಕೂ ಒಂದರಿಂದ ಐದರವರೆಗೆ ಅಂಕ. ಆ 40ರಲ್ಲಿ ಮೊಟ್ಟಮೊದಲನೆಯದೇ, ಮಗು ಕಣ್ಣಿಗೆ ಕಣ್ಣು ಕೊಟ್ಟು ನೋಡುವುದಿಲ್ಲ ಎನ್ನುವುದು. ಥೆರಪಿ ಕೇಂದ್ರದ ಹೊರಗೆ ಬೆಂಚಿನ ಮೇಲೆ ಕಾಯುತ್ತ ಕೂತ ತಾಯಂದಿರು ಒಬ್ಬರನ್ನೊಬ್ಬರು ಮೊದಲು ವಿಚಾರಿಸುವುದೂ ಅದನ್ನೇ: ‘ನಿಮ್ಮ ಮಗೂಗೆ ಐ ಕಾಂಟ್ಯಾಕ್ಟ್ ಬಂತಾ?’ ಮಾತು ಬಂತಾ, ನಿದ್ದೆ ಸರಿಯಾಯಿತಾ, ಊಟ ಮಾಡುತ್ತಾನಾ ಎನ್ನುವುದೆಲ್ಲ ಆಮೇಲೆ.

ಇವತ್ತು ಆ ಒಂದೇ ಸಾಲಿನ ಬಗ್ಗೆ ಬಾನುಲಿಯಲ್ಲಿ ನಿಮ್ಮ ಜೊತೆ ಮಾತಾಡಬೇಕೆಂದು ಬಂದಿದ್ದೇನೆ. ನಾನು ವೈದ್ಯೆಯಲ್ಲ. ಮೈಸೂರಿನ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ನನ್ನದು. ನನಗೆ ಆಟಿಸಂ ಇದೆ. ಅದು ಗೊತ್ತಾದದ್ದು ಮೂವತ್ತು ದಾಟಿದ ಮೇಲೆ.

ಅಷ್ಟು ತಡವಾದದ್ದೇಕೆ ಎಂದು ನೀವು ಕೇಳಬಹುದು. ನಾನು ಹುಡುಗಿಯಾಗಿದ್ದೆ, ಅದಕ್ಕೆ. ನಮ್ಮ ಕಡೆ ತಲೆ ತಗ್ಗಿಸಿಕೊಂಡು ಓಡಾಡುವ ಹುಡುಗಿಗೆ ಯಾರೂ ಚಿಕಿತ್ಸೆ ಕೊಡಿಸುವುದಿಲ್ಲ, ಹೊಗಳುತ್ತಾರೆ. ‘ಎಷ್ಟು ಒಳ್ಳೇ ಹುಡುಗಿ, ತಲೆ ಎತ್ತಿ ಒಬ್ಬರ ಮುಖ ನೋಡಲ್ಲ’ ಎಂದು ಬಂದವರೆಲ್ಲ ನಮ್ಮಮ್ಮನಿಗೆ ಹೇಳುತ್ತಿದ್ದರು. ನೆಲ ನೋಡುತ್ತ ಉತ್ತರ ಕೊಡುವುದನ್ನೇ ಒಬ್ಬ ಹುಡುಗ ಮಾಡಿದ್ದರೆ ಅವನನ್ನು ಕೊಬ್ಬಿದವನು ಅನ್ನುತ್ತಿದ್ದರು, ಇಲ್ಲವೇ ಏನೋ ಕದ್ದು ಮುಚ್ಚಿಡುತ್ತಿದ್ದಾನೆ ಅನ್ನುತ್ತಿದ್ದರು. ನಮ್ಮ ಮಕ್ಕಳಿಗೆ ನಾವು ಎರಡು ಆಜ್ಞೆ ಕೊಡುತ್ತೇವೆ. ದೊಡ್ಡವರ ಎದುರು ತಲೆ ತಗ್ಗಿಸಿ ನಿಲ್ಲು, ಹಾಗೆ ದುರುಗುಟ್ಟಿ ನೋಡಬೇಡ ಎನ್ನುವುದು ಒಂದು. ಮುಖ ನೋಡಿ ಮಾತಾಡು, ಕಳ್ಳನ ಹಾಗೆ ಕಣ್ಣು ತಪ್ಪಿಸಬೇಡ ಎನ್ನುವುದು ಇನ್ನೊಂದು. ಯಾವಾಗ ಯಾವುದು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮಿಕ್ಕ ಮಕ್ಕಳಿಗೆ ತಾನಾಗಿ ತಿಳಿಯುತ್ತದೆ. ನನ್ನಂಥವರಿಗೆ ಅದು ತಾನಾಗಿ ತಿಳಿಯುವುದಿಲ್ಲ. ಓದು ಮುಗಿದು ಕೆಲಸ ಹುಡುಕಲು ಹೊರಟಾಗ, ಅಲ್ಲಿಯವರೆಗೆ ಗುಣವಾಗಿದ್ದದ್ದು ಒಂದೇ ದಿನಕ್ಕೆ ದೋಷವಾಯಿತು. ಸಂದರ್ಶನದಲ್ಲಿ ನಾನು ಮೇಜಿನ ಅಂಚು ನೋಡುತ್ತ ಉತ್ತರ ಹೇಳಿದೆ. ಉತ್ತರಗಳು ಸರಿಯಾಗಿದ್ದವು. ‘ಆತ್ಮವಿಶ್ವಾಸ ಕಡಿಮೆ’ ಎಂದು ಬರೆದು ಕಳಿಸಿದರು.

ಕಣ್ಣಿಗೆ ಕಣ್ಣು ಸೇರಿದಾಗ ನಮಗೆ ಏನಾಗುತ್ತದೆ? ಎಲ್ಲರಿಗೂ ಒಂದೇ ರೀತಿ ಆಗುವುದಿಲ್ಲ. ಮೈ ಬಿಸಿಯೇರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಯಾರೋ ಅನುಮತಿ ಕೇಳದೆ ಮೈ ಮುಟ್ಟಿದ ಹಾಗಾಗುತ್ತದೆ ಎನ್ನುವವರಿದ್ದಾರೆ. ಯಾವ ಸಂಕಟವೂ ಇಲ್ಲ, ಆದರೆ ಎಷ್ಟು ಹೊತ್ತು ನೋಡಬೇಕು, ಯಾವಾಗ ಬಿಡಬೇಕು ಎನ್ನುವ ಲೆಕ್ಕ ಸಿಗುವುದಿಲ್ಲ ಎನ್ನುವವರಿದ್ದಾರೆ. ಇವರು ಎಷ್ಟೋ ಸಲ ಎವೆಯಿಕ್ಕದೆ ನೋಡಿ, ‘ಯಾಕೆ ಹಾಗೆ ಗುರಾಯಿಸುತ್ತೀಯ’ ಎಂದು ಬೈಸಿಕೊಳ್ಳುತ್ತಾರೆ. ಮನೆಯವರ ಕಣ್ಣು ನೋಡಬಲ್ಲೆ, ಹೊರಗಿನವರದು ಆಗದು ಎನ್ನುವವರಿದ್ದಾರೆ. ಅದಕ್ಕೆ ಉಲ್ಟಾ ಇರುವವರೂ ಇದ್ದಾರೆ.

ನನ್ನ ಮಟ್ಟಿಗೆ ಹೇಳುವುದಾದರೆ, ನೋಟಕ್ಕೂ ಕೇಳುವಿಕೆಗೂ ಜಗಳ. ಹಳೆಯ ರೇಡಿಯೋದಲ್ಲಿ ಮುಳ್ಳು ಎರಡು ಸ್ಟೇಷನ್ನುಗಳ ನಡುವೆ ನಿಂತು, ಇಲ್ಲಿಯ ವಾರ್ತೆ ಅಲ್ಲಿಯ ಹಾಡಿನೊಳಗೆ ಸೇರಿಹೋಗುತ್ತದಲ್ಲ, ಹಾಗೆ. ಎದುರಿನವರ ಕಣ್ಣಲ್ಲಿ ಆಗುವ ಸಣ್ಣ ಬದಲಾವಣೆ ಒಂದೊಂದೂ ನನ್ನನ್ನು ಎಳೆಯುತ್ತದೆ. ರೆಪ್ಪೆ ಅಲುಗಿತು, ಪಾಪೆ ಆ ಕಡೆ ಸರಿಯಿತು, ಹುಬ್ಬು ಸೇರಿತು. ಬೇಸರವೋ? ಅನುಮಾನವೋ? ಅಷ್ಟರಲ್ಲಿ ಅವರು ಮೂರು ವಾಕ್ಯ ಮಾತಾಡಿ ಮುಗಿಸಿರುತ್ತಾರೆ, ಒಂದೂ ನನ್ನ ಕಿವಿಗೆ ಇಳಿದಿರುವುದಿಲ್ಲ. ಅದೇ ನಾನು ಕಿಟಕಿಯ ಸರಳನ್ನೋ ನನ್ನ ಕೈಬೆರಳನ್ನೋ ನೋಡುತ್ತಿದ್ದರೆ ನೀವು ಆಡಿದ ಮಾತು ಪೂರ್ತಿ ನನ್ನ ಹತ್ತಿರ ಇರುತ್ತದೆ. ಆಮೇಲೆ ಕೇಳಿದರೆ ಒಪ್ಪಿಸುತ್ತೇನೆ.

ಇದು ಬರೀ ನಮ್ಮ ಅನಿಸಿಕೆಯಲ್ಲ. 2017ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ನುಷಿನ್ ಹಾಜಿಖಾನಿ ಮತ್ತು ಅವರ ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಆಟಿಸಂ ಇರುವವರಿಗೂ ಇಲ್ಲದವರಿಗೂ ಮುಖಗಳನ್ನು ತೋರಿಸುತ್ತ ಮಿದುಳಿನ ಸ್ಕ್ಯಾನ್ ಮಾಡಿದರು. ಮೊದಲು, ಮುಖದಲ್ಲಿ ಎಲ್ಲಿ ಬೇಕಾದರೂ ನೋಡಿಕೊಳ್ಳಿ ಎಂದರು. ಆಮೇಲೆ ಕಣ್ಣಿನ ಭಾಗವನ್ನೇ ನೋಡುವ ಹಾಗೆ ಮಾಡಿದರು. ಹಾಗೆ ಕಣ್ಣಿಗೇ ಕಟ್ಟಿಹಾಕಿದಾಗ, ಆಟಿಸಂ ಇರುವವರ ಮಿದುಳಿನ ಆಳದ ಕೆಲವು ಭಾಗಗಳು ಮಿಕ್ಕವರಿಗಿಂತ ಬಹಳ ಹೆಚ್ಚು ಕೆರಳಿದವು. ಹಸುಗೂಸನ್ನು ಮುಖಗಳ ಕಡೆ ತಿರುಗಿಸುವುದೂ ಅಪಾಯ ಕಂಡಾಗ ನಮ್ಮನ್ನು ಎಚ್ಚರಿಸುವುದೂ ಈ ಭಾಗಗಳೇ. ಅಂದರೆ ಕಣ್ಣು ತಪ್ಪಿಸುವವನಿಗೆ ನಿಮ್ಮ ಮೇಲೆ ಆಸಕ್ತಿ ಇಲ್ಲ ಎಂದು ತಿಳಿಯಬೇಕಾಗಿಲ್ಲ. ಆಸಕ್ತಿ ಇದ್ದು, ಕಣ್ಣಿನಿಂದ ಬರುವುದು ತಡೆಯಲಾರದಷ್ಟಾಗಿ, ಅವನು ಮುಖ ತಿರುಗಿಸಿಕೊಂಡಿರಬಹುದು.

ಯೋಚಿಸುವಾಗ ಕಣ್ಣು ಬೇರೆ ಕಡೆ ಹೋಗುವುದು ಎಲ್ಲ ಮನುಷ್ಯರಿಗೂ ಇರುವ ಸ್ವಭಾವ. ನಿಮ್ಮ ಪಕ್ಕದವರನ್ನು ಹದಿನೇಳಾರಲಿ ಎಷ್ಟು ಎಂದು ಕೇಳಿ ನೋಡಿ. ಉತ್ತರ ಬರುವ ಮೊದಲು ಅವರ ಕಣ್ಣು ಸೂರಿಗೆ ಹೋಗುತ್ತದೆ. ಸ್ಕಾಟ್ಲೆಂಡಿನ ಸ್ಟರ್ಲಿಂಗ್ ವಿಶ್ವವಿದ್ಯಾಲಯದಲ್ಲಿ ಗ್ವಿನೆತ್ ಡೊಹರ್ಟಿ ಸ್ನೆಡನ್ ಎಂಬ ಮನಃಶಾಸ್ತ್ರಜ್ಞೆ ಮಕ್ಕಳ ಈ ನಡವಳಿಕೆಯನ್ನು ವರ್ಷಗಟ್ಟಲೆ ಗಮನಿಸಿದರು. ಪ್ರಶ್ನೆ ಕಷ್ಟವಾದಷ್ಟೂ ಮಕ್ಕಳು ಕೇಳುವವರ ಮುಖದಿಂದ ಕಣ್ಣು ತೆಗೆಯುತ್ತಾರೆ. 2006ರಲ್ಲಿ ಅವರೂ ಜೊತೆಗಾರರೂ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಯೋಚಿಸುವಾಗ ಬೇರೆ ಕಡೆ ನೋಡಿ ಎಂದು ಐದು ವರ್ಷದ ಮಕ್ಕಳಿಗೆ ಹೇಳಿಕೊಟ್ಟಾಗ ಅವರ ಉತ್ತರಗಳು ಸುಧಾರಿಸಿದವು. ನಮ್ಮ ಶಾಲೆಗಳಲ್ಲಿ ನಡೆಯುವುದು ಇದಕ್ಕೆ ವಿರುದ್ಧ. ‘ಮೇಲೆ ಏನು ಬರೆದಿದೆ? ನನ್ನ ನೋಡಿ ಹೇಳು’ ಎನ್ನುತ್ತಾರೆ, ಮಗುವಿನ ಬಾಯಿಗೆ ಬಂದಿದ್ದ ಉತ್ತರ ಅಲ್ಲೇ ಉಳಿದುಹೋಗುತ್ತದೆ.

ಆಟಿಸಂ ಇರುವ ಮಕ್ಕಳಿಗೆ ನೋಟ ಕಲಿಸುವ ಕಥೆ ಇದಕ್ಕಿಂತ ಕಠಿಣವಾದದ್ದು. 1943ರಲ್ಲಿ ಲಿಯೋ ಕ್ಯಾನರ್ 11 ಮಕ್ಕಳ ಬಗ್ಗೆ ಬರೆದ ಪ್ರಬಂಧದಿಂದ ಆಟಿಸಂನ ವೈದ್ಯಕೀಯ ಚರಿತ್ರೆ ಶುರುವಾಗುತ್ತದೆ ಎನ್ನುವುದುಂಟು. ಅಮೆರಿಕದಲ್ಲಿ ಎಪ್ಪತ್ತು ಎಂಬತ್ತರ ದಶಕದ ಹೊತ್ತಿಗೆ ಈವಾರ್ ಲೋವಾಸ್ ಅವರ ತರಬೇತಿ ಹೆಸರಾಯಿತು. ಕುರ್ಚಿಯಲ್ಲಿ ಮಗುವನ್ನು ಎದುರು ಕೂರಿಸಿಕೊಂಡು ‘ನನ್ನನ್ನು ನೋಡು’ ಎನ್ನುವುದು, ನೋಡಿದರೆ ತಿನ್ನಲು ಒಂದು ಚೂರು ಕೊಡುವುದು; ನೋಡದಿದ್ದರೆ ಆ ತಿಂಡಿಯನ್ನೇ ಕಣ್ಣಿನ ಹತ್ತಿರ ಹಿಡಿದು ಮಗುವಿನ ದೃಷ್ಟಿಯನ್ನು ಅಲ್ಲಿಗೆ ತರುವುದು. ಆ ಪದ್ಧತಿ ಸಾಗರ ದಾಟಿ ನಮ್ಮ ಊರುಗಳಿಗೂ ಬಂತು. ಮೂಗಿನ ಹತ್ತಿರ ಜೆಮ್ಸ್ ಹಿಡಿದು ‘ಪುಟ್ಟ, ಲುಕ್ ಅಟ್ ಮಿ’ ಎಂದು ಕರೆಯುವುದನ್ನು ನಾನು ಕಂಡಿದ್ದೇನೆ. ಆ ಪುಟ್ಟ ನೋಡಿದ, ತಿಂದ. ಅವನ ಕಣ್ಣು ಹೋದದ್ದು ಜೆಮ್ಸಿಗೆ. ಪಕ್ಕದಲ್ಲಿ ಇನ್ನೊಬ್ಬರು ಮಗುವಿನ ಗದ್ದ ಹಿಡಿದು ಮುಖವನ್ನು ಬಲವಾಗಿ ತಿರುಗಿಸುತ್ತಿದ್ದರು. ಮಗು ಮುಖ ಕೊಟ್ಟು ಕಣ್ಣು ಮುಚ್ಚಿಕೊಂಡಿತು. ಆ ಮಗುವಿನ ಪರವಾಗಿ ಇಷ್ಟು ಹೇಳಲೇಬೇಕು: ಯಾರೂ ಯಾವ ಮಗುವಿನ ಗದ್ದಕ್ಕೂ ಕೈ ಹಾಕಬೇಡಿ.

ಹಾಗೆಂದು ನೋಟದ ಬಗ್ಗೆ ಗಮನವೇ ಬೇಡ ಎಂದಲ್ಲ. 2013ರಲ್ಲಿ ವಾರೆನ್ ಜೋನ್ಸ್ ಮತ್ತು ಆಮಿ ಕ್ಲಿನ್ ಪ್ರಕಟಿಸಿದ ಅಧ್ಯಯನದಲ್ಲಿ, ಮುಂದೆ ಆಟಿಸಂ ಇದೆ ಎಂದು ಗೊತ್ತಾದ ಕೂಸುಗಳು ಹುಟ್ಟಿದ ಹೊಸದರಲ್ಲಿ ಮಿಕ್ಕ ಕೂಸುಗಳಂತೆಯೇ ಕಣ್ಣು ನೋಡುತ್ತಿದ್ದವು. ಎರಡರಿಂದ ಆರು ತಿಂಗಳ ನಡುವೆ ಆ ನೋಟ ಕಡಿಮೆಯಾಗುತ್ತ ಬಂತು. ಆದ್ದರಿಂದ ಕೂಸು ಮುಖ ನೋಡುತ್ತಿಲ್ಲ ಎನಿಸಿದರೆ ವೈದ್ಯರಿಗೆ ತೋರಿಸಿ, ತಡಮಾಡಬೇಡಿ. ಮೈಸೂರಿನವರಿಗೆ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ನೋಟ ಕಡಿಮೆ ಎನ್ನುವುದು ಒಂದು ಸೂಚನೆ. ಆ ಸೂಚನೆಯನ್ನು ಅಳಿಸಿಹಾಕುವುದೇ ಚಿಕಿತ್ಸೆಯಾಗಬಾರದು. ಮಗು ನಿಮ್ಮ ಕೈ ಹಿಡಿದು ಡಬ್ಬಿಯ ಹತ್ತಿರ ಕರೆದುಕೊಂಡು ಹೋಗುತ್ತದೆಯೇ, ತನಗೆ ಖುಷಿಯಾದದ್ದನ್ನು ನಿಮಗೆ ತೋರಿಸುತ್ತದೆಯೇ, ನೀವು ಬೆರಳು ಮಾಡಿದ ಕಡೆ ತಿರುಗುತ್ತದೆಯೇ ಎಂದು ನೋಡಿ. ಅದರಲ್ಲಿ ಮಾತಿನ ಬೇರು ಇದೆ. ಕಣ್ಣು ಅದರ ಜೊತೆಗೆ ತನ್ನಷ್ಟಕ್ಕೆ ಬಂದರೆ ಬರಲಿ.

ಈ ಸ್ಟುಡಿಯೋದಲ್ಲಿ ನನ್ನ ಮುಂದೆ ಒಂದು ಮೈಕು, ಕೈಯಲ್ಲಿ ಹಾಳೆ. ಎದುರಿಗೆ ಯಾರೂ ಇಲ್ಲ. ಇಷ್ಟು ಹೊತ್ತು ಸಲೀಸಾಗಿ ಮಾತಾಡಿದ್ದೇನೆ. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದ ಎಂ.ವಿ. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು ಎನ್ನುವುದು ನನಗೆ ತುಂಬ ಪ್ರಿಯವಾದ ಸಂಗತಿ. ಮುಖ ಕಾಣದೆಯೂ ಮನುಷ್ಯರು ಮನುಷ್ಯರಿಗೆ ಹತ್ತಿರವಾಗುವ ಒಂದು ದಾರಿಯನ್ನು ಅವರು ಈ ಊರಿಗೆ ಮಾಡಿಕೊಟ್ಟರು.

ದಿನದಿನದ ಬದುಕಿಗೆ ಬರೋಣ. ನನಗೆ ಎಲ್ಲಕ್ಕಿಂತ ಹೆಚ್ಚು ಒದಗಿಬಂದದ್ದು ಎದುರುಬದುರು ಕೂರದೆ ಪಕ್ಕಪಕ್ಕ ಕೂರುವುದು. ಮದುವೆಯಾದ ಹೊಸದರಲ್ಲಿ ನನ್ನ ಅತ್ತೆಗೆ ನನ್ನ ಮೇಲೆ ಅಸಮಾಧಾನವಿತ್ತು. ‘ಮುಖ ಕೊಟ್ಟು ಮಾತಾಡಲ್ಲ ಇವಳು’ ಎಂದು ಅವರು ನಾದಿನಿಗೆ ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು. ಆ ವರ್ಷ ಅವರೆಕಾಯಿ ಕಾಲದಲ್ಲಿ ಒಂದು ಮಧ್ಯಾಹ್ನ ಇಬ್ಬರೂ ಹಿತ್ತಲ ಬಾಗಿಲಲ್ಲಿ ಕೂತು ಕಾಳು ಹಿತುಕುತ್ತಿದ್ದೆವು. ರಾತ್ರಿ ನೆನೆಹಾಕಿದ ಕಾಳು ದೊಡ್ಡ ಬೋಗುಣಿಯಲ್ಲಿ ಊದಿಕೊಂಡಿತ್ತು. ಹೆಬ್ಬೆರಳು ತೋರುಬೆರಳ ನಡುವೆ ಒಂದೊಂದೇ ಒತ್ತಿದರೆ ಬೇಳೆ ಪುಳಕ್ಕನೆ ಜಾರಿ ತಟ್ಟೆಗೆ ಬೀಳುತ್ತದೆ, ಸಿಪ್ಪೆ ಬೆರಳಲ್ಲಿ ಉಳಿಯುತ್ತದೆ. ಇಬ್ಬರ ಕಣ್ಣೂ ಕಾಳಿನ ಮೇಲೆ. ಸ್ವಲ್ಪ ಹೊತ್ತಾದ ಮೇಲೆ ಅತ್ತೆ ತಾವಾಗಿಯೇ ಮಾತು ತೆಗೆದರು.

‘ನಂಗೆ ಟಿ.ಸಿ.ಎಚ್. ಸೀಟು ಸಿಕ್ಕಿತ್ತು ಕಣಮ್ಮ. ನಮ್ಮಪ್ಪ ಕಳಿಸಲಿಲ್ಲ.’

‘ನಿಮಗೆ ಮೇಷ್ಟ್ರಾಗೋ ಆಸೆ ಇತ್ತಾ ಅತ್ತೆ?’

‘ಇತ್ತು. ಈಗಲೂ ಒಂದೊಂದು ಸಲ ಕನಸಲ್ಲಿ ಬೋರ್ಡ್ ಮೇಲೆ ಬರೀತಾ ಇರ್ತೀನಿ.’

ಕಾಳು ಮುಗಿಯುವವರೆಗೂ ಅವರು ಹೇಳಿದರು, ನಾನು ಕೇಳಿದೆ, ನಡುನಡುವೆ ನಾನೂ ಹೇಳಿದೆ. ಒಂದು ಸಲವೂ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡಿರಲಿಲ್ಲ. ‘ನೀನು ಎಲ್ಲಾ ಕೇಳಿಸಿಕೊಳ್ತೀಯ ಅಂತ ನಂಗೆ ಗೊತ್ತೇ ಇರಲಿಲ್ಲ’ ಎಂದು ಎದ್ದು ಹೋಗುವಾಗ ಅಂದರು. ಆಮೇಲೆ ಏನಾದರೂ ಮುಖ್ಯವಾದ ಮಾತಿದ್ದರೆ ಅವರು ಸೊಪ್ಪು ಬಿಡಿಸಲು ಕರೆಯುತ್ತಿದ್ದರು. ಹೆದರುವ ಮಗನಿಗೆ, ಮಾತು ಕಡಿಮೆಯಾದ ಮಗಳಿಗೆ ಇದನ್ನೇ ಮಾಡಿ ನೋಡಿ. ಬೈಕಿನ ಹಿಂದೆ ಕೂರಿಸಿಕೊಂಡು, ಬಸ್ಸಿನ ಒಂದೇ ಸೀಟಿನಲ್ಲಿ, ಸಂಜೆ ನಡೆಯುತ್ತ, ಬಟ್ಟೆ ಮಡಿಸುತ್ತ ಮಾತಾಡಿ. ಎದುರು ಕೂರಿಸಿ ‘ಏನಾಯ್ತು ಹೇಳು’ ಎಂದಾಗ ಬಾರದ ಮಾತು ಅಲ್ಲಿ ಬರುತ್ತದೆ.

ಎದುರು ಕೂರಲೇಬೇಕಾದ ಕಡೆ ನಾನು ಕಣ್ಣಿನ ಅಕ್ಕಪಕ್ಕಕ್ಕೆ ಹೋಗುತ್ತೇನೆ. ಹೆಂಗಸರಾದರೆ ಹಣೆಯ ಕುಂಕುಮ, ಕನ್ನಡಕ ಇದ್ದರೆ ಅದರ ಚೌಕಟ್ಟಿನ ಮೇಲಂಚು, ಏನೂ ಇಲ್ಲದಿದ್ದರೆ ಎರಡು ಹುಬ್ಬಿನ ನಡು. ಮೇಜಿನಷ್ಟು ದೂರದಿಂದ ಇದು ಅವರಿಗೆ ತಿಳಿಯುವುದಿಲ್ಲ. ಆಸ್ಟ್ರೇಲಿಯಾದ ಈಡಿತ್ ಕೋವನ್ ವಿಶ್ವವಿದ್ಯಾಲಯದವರು 2019ರಲ್ಲಿ ಇದನ್ನು ಪರೀಕ್ಷಿಸಿದ್ದಾರೆ. ನೋಟ ಎಲ್ಲಿ ಬೀಳುತ್ತದೆಂದು ದಾಖಲಿಸುವ ಕನ್ನಡಕ ಹಾಕಿಕೊಂಡು ಜನರ ಜೊತೆ ನಾಲ್ಕು ನಿಮಿಷ ಹರಟಿದರು. ಕೆಲವರ ಕಣ್ಣು ನೋಡುತ್ತ, ಇನ್ನು ಕೆಲವರ ಬಾಯಿ ನೋಡುತ್ತ. ಎರಡು ಗುಂಪಿನವರೂ ತಮ್ಮ ಕಣ್ಣನ್ನೇ ನೋಡಿದರೆಂದುಕೊಂಡರು. ನನ್ನಂಥವರಿಗೆ ಇದು ಬಹಳ ನೆಮ್ಮದಿ ಕೊಡುವ ಸುದ್ದಿ. ನಮಗೆ ಬಾಯಿ ನೋಡುವುದು ಸುಲಭ. 2002ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಆಮಿ ಕ್ಲಿನ್ ಮತ್ತು ಜೊತೆಗಾರರು ಒಂದು ಇಂಗ್ಲಿಷ್ ಸಿನಿಮಾದ ತುಣುಕು ತೋರಿಸಿ ನೋಟವನ್ನು ಅಳೆದಾಗ, ಆಟಿಸಂ ಇದ್ದ ಯುವಕರು ಪಾತ್ರಗಳ ಬಾಯನ್ನೂ ಸುತ್ತಲಿನ ವಸ್ತುಗಳನ್ನೂ ಹೆಚ್ಚು ನೋಡಿದ್ದು ಕಂಡಿತ್ತು. 2020ರಲ್ಲಿ ಎಲ್ಲರೂ ಮಾಸ್ಕ್ ಹಾಕಿಕೊಂಡಾಗ ನಮ್ಮ ಪಾಡು ಏನಾಯಿತೆಂದು ಊಹಿಸಿ. ನಾವು ಓದಿಕೊಳ್ಳುತ್ತಿದ್ದ ತುಟಿ ಮುಚ್ಚಿಹೋಗಿ, ನೋಡಲಾಗದ ಕಣ್ಣೊಂದೇ ಉಳಿಯಿತು.

ಇನ್ನೊಂದು ಉಪಾಯ, ಮಾತಿನ ಎರಡು ತುದಿಗಳನ್ನು ಮಾತ್ರ ಹಿಡಿಯುವುದು. ನಮಸ್ಕಾರ ಹೇಳುವಾಗ ಒಂದು ನೋಟ, ಬರುತ್ತೇನೆ ಎನ್ನುವಾಗ ಒಂದು ನೋಟ. ನಡುವೆ ಕೈಯಲ್ಲಿ ಒಂದು ಪುಸ್ತಕ, ಪೆನ್ನು. ಬರೆದುಕೊಳ್ಳುವವರು ತಲೆ ತಗ್ಗಿಸಿದರೆ ಯಾರೂ ಆಕ್ಷೇಪಿಸುವುದಿಲ್ಲ. ವಿಡಿಯೋ ಕರೆಯಲ್ಲಿ ನನ್ನದೇ ಮುಖ ಕಾಣುವ ಚೌಕವನ್ನು ಮೊದಲು ಮರೆಮಾಡುತ್ತೇನೆ.

ಈ ಉಪಾಯಗಳಿಗೆ ಬೆಲೆ ಇದೆ. ದಿನವಿಡೀ ಹುಬ್ಬಿನ ನಡು ನೋಡುತ್ತ, ಈಗ ನೋಡಲೇ ಈಗ ಬಿಡಲೇ ಎಂದು ಎಣಿಸುತ್ತ ಇದ್ದರೆ ಸಂಜೆ ಹೊತ್ತಿಗೆ ಮೈಯಲ್ಲಿ ಏನೂ ಉಳಿದಿರುವುದಿಲ್ಲ. ಮನೆಗೆ ಬಂದು ಮಗಳ ಜೊತೆ ಒಂದು ಮಾತಾಡಲೂ ಆಗದೆ ಕತ್ತಲ ಕೋಣೆಯಲ್ಲಿ ಮಲಗಿದ ದಿನಗಳಿವೆ. ಹಾಗಾಗಿ ನಾನು ಆಯ್ಕೆ ಮಾಡುತ್ತೇನೆ. ಬ್ಯಾಂಕಿನಲ್ಲಿ, ಕಚೇರಿಯಲ್ಲಿ ಹೊಸಬರ ಎದುರು ಉಪಾಯ. ಗೊತ್ತಿರುವವರ ಹತ್ತಿರ ನೇರವಾಗಿ ಹೇಳಿಬಿಡುವುದು: ‘ನಾನು ನಿಮ್ಮ ಮುಖ ನೋಡದಿದ್ದರೂ ಮಾತು ಕೇಳ್ತಾ ಇದ್ದೀನಿ, ನೋಡಿದರೆ ನನಗೆ ಕೇಳಿಸಲ್ಲ.’ ಮೊದಲ ಸಲ ಇದನ್ನು ನಮ್ಮ ಮುದ್ರಣಾಲಯದ ಹಿರಿಯರಿಗೆ ಹೇಳಿದಾಗ ನನ್ನ ಧ್ವನಿ ನಡುಗುತ್ತಿತ್ತು. ಅವರು ‘ಸರಿ ಬಿಡಮ್ಮ’ ಎಂದು, ತಮ್ಮ ಕುರ್ಚಿಯನ್ನೇ ನನ್ನ ಮೇಜಿನ ಪಕ್ಕಕ್ಕೆ ಎಳೆದುಕೊಂಡು, ಇಬ್ಬರೂ ಒಂದೇ ಕರಡನ್ನು ನೋಡುವ ಹಾಗೆ ಕೂತರು.

ಎಲ್ಲ ಕಡೆ ಅಂಥವರು ಸಿಗುವುದಿಲ್ಲ, ಅದಕ್ಕೆ ಕಾನೂನು ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಗಳಲ್ಲಿ ಆಟಿಸಂ ಕೂಡ ಸೇರಿದೆ. ಕೆಲಸದ ಜಾಗದಲ್ಲಿ ನಮಗೆ ಬೇಕಾದ ಹೊಂದಾಣಿಕೆ ಮಾಡಿಕೊಡುವ ಮಾತು ಅದರಲ್ಲಿದೆ. ಗಾಲಿಕುರ್ಚಿಗೆ ಇಳಿಜಾರು ಹಾಕುವುದು ಒಂದು ಹೊಂದಾಣಿಕೆ ಎಂದು ಈಗ ಎಲ್ಲರಿಗೂ ತಿಳಿದಿದೆ. ಸಂದರ್ಶನದ ಪ್ರಶ್ನೆಗಳನ್ನು ಬರೆದು ಕೊಡುವುದೂ, ‘ಮುಖ ನೋಡಿ ಮಾತಾಡುತ್ತಾರೆ’ ಎನ್ನುವುದಕ್ಕೆ ಅಂಕ ಇಡದಿರುವುದೂ ಅಂಥದ್ದೇ. ಪೊಲೀಸರು ತಡೆದು ವಿಚಾರಿಸಿದಾಗ ಕಣ್ಣು ತಪ್ಪಿಸಿದವನೇ ತಪ್ಪಿತಸ್ಥ ಎಂದು ತೋರುವುದು ಸಹಜ. ಬೆಳೆದ ಹುಡುಗರನ್ನು ಒಂಟಿಯಾಗಿ ಹೊರಗೆ ಕಳಿಸುವ ಮನೆಯವರು ಅಂಗವಿಕಲರ ಗುರುತಿನ ಚೀಟಿಯಾದ ಯು.ಡಿ.ಐ.ಡಿ. ಕಾರ್ಡನ್ನು ಅವರ ಜೇಬಿನಲ್ಲಿಡಿ, ತೋರಿಸುವುದನ್ನು ಮನೆಯಲ್ಲೇ ಅಭ್ಯಾಸ ಮಾಡಿಸಿ.

ಬ್ರಿಟನ್ನಿನ ಡೇಮಿಯನ್ ಮಿಲ್ಟನ್, ತಾವೇ ಆಟಿಸಂ ಇರುವ ಸಮಾಜಶಾಸ್ತ್ರಜ್ಞರು, 2012ರಲ್ಲಿ ಬರೆದ ಒಂದು ಲೇಖನದಲ್ಲಿ ಹೇಳಿದ್ದು, ಅರ್ಥವಾಗದಿರುವುದು ಎರಡೂ ಕಡೆಗೆ ಇದೆ ಎಂದು. ನಿಮ್ಮ ಕಣ್ಣು ನಮಗೆ ಓದಲು ಬರುವುದಿಲ್ಲ, ನಿಜ. ನಮ್ಮ ಗಮನವನ್ನು ಓದಲು ನಿಮಗೂ ಬಂದಿಲ್ಲ. ನಾವು ಕೇಳುವಾಗ ಕೈ ನಿಧಾನವಾಗಬಹುದು, ಕಿವಿ ನಿಮ್ಮ ಕಡೆ ವಾಲಬಹುದು, ಮೈ ತೂಗುವುದು ನಿಲ್ಲಬಹುದು. ಒಂದೊಂದು ಮಗುವಿಗೆ ಒಂದೊಂದು. ಜೊತೆಗೆ ಬದುಕುವವರಿಗೆ ಇದು ಕಂಡೇ ಕಾಣುತ್ತದೆ, ಹುಡುಕಿದರೆ.

ಜೂನ್ ಹತ್ತಿರ ಬಂದ ಹಾಗೆ ಶಾಲೆ ಶುರುವಾಗುತ್ತದೆ. ತಂದೆತಾಯಿಗಳಿಗೆ ನನ್ನದೊಂದು ಕೋರಿಕೆ. ತರಗತಿಯ ಮೇಷ್ಟ್ರಿಗೆ, ಮಿಸ್ಸಿಗೆ ಬಾಯಲ್ಲಿ ಹೇಳಿ ಬರಬೇಡಿ. ಮೊದಲ ದಿನದ ಗಲಾಟೆಯಲ್ಲಿ ಅವರಿಗೆ ಮರೆತುಹೋಗುತ್ತದೆ. ಅರ್ಧ ಹಾಳೆಯಲ್ಲಿ ಬರೆದು ಕೊಡಿ. ಹೀಗೆ ಬರೆಯಬಹುದು: ‘ನಮ್ಮ ಮಗ ನಿಮ್ಮ ಮುಖ ನೋಡದೆಯೂ ಪಾಠ ಕೇಳುತ್ತಾನೆ. ಕೇಳಿದನೋ ಇಲ್ಲವೋ ಎಂದು ಅನುಮಾನ ಬಂದರೆ ದಯವಿಟ್ಟು ಅವನನ್ನು ಒಂದು ಪ್ರಶ್ನೆ ಕೇಳಿ, ಉತ್ತರಕ್ಕೆ ಸ್ವಲ್ಪ ಹೊತ್ತು ಕೊಡಿ. ಯೋಚಿಸುವಾಗ ಅವನು ಗೋಡೆ ನೋಡುತ್ತಾನೆ. ಹೆಸರು ಕರೆಯುವ ಮುಂಚೆ ಬೆಂಚನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಅವನಿಗೆ ತಿಳಿಯುತ್ತದೆ. ಮುಖ ಹಿಡಿದು ತಿರುಗಿಸಬೇಡಿ.’ ಕೆಳಗೆ ನಿಮ್ಮ ಫೋನ್ ನಂಬರು. ಇನ್ನೆರಡು ಪ್ರತಿ ಮಾಡಿಸಿ, ಒಂದನ್ನು ಪಿ.ಟಿ. ಮೇಷ್ಟ್ರಿಗೂ ಇನ್ನೊಂದನ್ನು ಶಾಲೆಯ ವ್ಯಾನಿನ ಡ್ರೈವರಿಗೂ ಕೊಡಿ. ಹೆಣ್ಣುಮಗಳಾದರೆ, ಅವಳು ತಲೆ ತಗ್ಗಿಸಿ ಸುಮ್ಮನೆ ಕೂತದ್ದನ್ನು ಒಳ್ಳೆಯ ನಡತೆ ಎಂದು ಬಿಟ್ಟುಬಿಡಬೇಡಿ, ಪಾಠ ತಿಳಿಯಿತೇ ಎಂದು ಅವಳನ್ನೂ ಕೇಳಿ ಎಂದು ಒಂದು ಸಾಲು ಸೇರಿಸಿ.